ಎದೆಯೊಳಗಿನ ಎರಡು ಸದ್ದು: ವಾಲ್ವ್ ಆಪರೇಷನ್ ಆದ ಮೇಲೆ ಮನೆಯಲ್ಲಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಪ್ರಶ್ನೆ: ಡಾಕ್ಟರೇ, ನನ್ನ ಹೆಂಡತಿಗೆ 38 ವರ್ಷ. ಚಿಕ್ಕಂದಿನಲ್ಲಿ ಬಂದಿದ್ದ ರುಮ್ಯಾಟಿಕ್ ಜ್ವರದಿಂದ ಹೃದಯದ ಎಡಭಾಗದ ಮೈಟ್ರಲ್ ವಾಲ್ವ್ (ಕವಾಟ) ಹಾಳಾಗಿ, ಎದೆ ತೆರೆದು ಲೋಹದ ವಾಲ್ವ್ ಹಾಕಿದ್ದಾರೆ. ಇವತ್ತಿಗೆ ನಾಲ್ಕು ವಾರ. ದಿನಾ ರಾತ್ರಿ ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ 3 ಮಿ.ಗ್ರಾಂ. ಕೊಡುತ್ತಿದ್ದೇವೆ. ಡಿಸ್ಚಾರ್ಜ್ ದಿನ ರಕ್ತ ಪರೀಕ್ಷೆಯಲ್ಲಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) 2.9 ಇತ್ತು, ನಿನ್ನೆ 1.8 ಬಂದಿದೆ. ಡಾಕ್ಟರಿಗೆ ತೋರಿಸಬೇಕಾದ ದಿನ ಇನ್ನೂ ಮುಂದಿನ ವಾರ. ಮೊದಲ ಎರಡು ವಾರ ಸೊಪ್ಪು ಮುಟ್ಟಿಸಲಿಲ್ಲ, ಆಮೇಲೆ ರಕ್ತ ಕಡಿಮೆಯಿದೆ ಎಂದು ದಿನಾ ಎರಡು ಹೊತ್ತು ಕೊಡತೊಡಗಿದೆವು. ರಾತ್ರಿ ಅವಳ ಎದೆಯಿಂದ ಗಡಿಯಾರದ ಹಾಗೆ ಟಿಕ್ ಟಿಕ್ ಕೇಳುತ್ತದೆ, ಅದಕ್ಕೇ ನಿದ್ದೆಯಿಲ್ಲ. ಮಗ್ಗುಲು ಬದಲಿಸುವಾಗ ಎದೆಯ ನಡುವೆ ‘ಕಟಕ್’ ಅನ್ನುತ್ತದೆ. ಮೂರು ದಿನದಿಂದ ಸಂಜೆ ಹೊತ್ತು 99.6 ಜ್ವರ. ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತಂದಿಟ್ಟಿದ್ದೇನೆ, ಕೊಡಲೇ? ಮನೆಯ ಹಿರಿಯರು ಮೂರು ತಿಂಗಳು ಹಾಸಿಗೆ ಬಿಟ್ಟು ಏಳಬಾರದು ಅನ್ನುತ್ತಾರೆ. ಸುಮ್ಮಸುಮ್ಮನೆ ಅಳುತ್ತಾಳೆ. ಪದೇ ಪದೇ ರಕ್ತ ಪರೀಕ್ಷೆ ಬೇಡದ ಹೊಸ ಮಾತ್ರೆ ಬಂದಿದೆಯಂತೆ, ಅದಕ್ಕೆ ಬದಲಾಯಿಸಬಹುದೇ?

ಉತ್ತರ: ನೀವು ಕೇಳಿದ್ದರಲ್ಲಿ ಎರಡಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅವು ಮುಂದಿನ ವಾರದವರೆಗೆ ಕಾಯುವಂಥವಲ್ಲ. ಐಎನ್‌ಆರ್ 1.8 ಎಂಬುದನ್ನು ಇವತ್ತೇ ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ ಹೇಳಿ. ಆಂಟಿಬಯಾಟಿಕ್ ಕೊಡಬೇಡಿ. ಫೋನಿನಲ್ಲಿ ಮಾತಾಡುವಾಗ ಜ್ವರ ಮತ್ತು ‘ಕಟಕ್’ ಎರಡನ್ನೂ ಸೇರಿಸಿ ಹೇಳಿ. ಬಿಡಿಬಿಡಿಯಾಗಿ ನೋಡಿದರೆ ಎರಡೂ ಸಣ್ಣವೇ. ಜೊತೆಗೆ ಬಂದಾಗ ಮಾತ್ರ ನಾಳೆಯೊಳಗೆ ಒಬ್ಬರು ಡಾಕ್ಟರು ಎದೆ ಮುಟ್ಟಿ ನೋಡಲೇಬೇಕು.

ಇಷ್ಟು ಹೇಳಿದೆ ಎಂದು ಗಾಬರಿಯಾಗಬೇಡಿ. ವಾಲ್ವ್ ಆಪರೇಷನ್ ಆದವರ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದು: ಹೆದರಬೇಕಿಲ್ಲದ್ದಕ್ಕೆ ಇಡೀ ಮನೆ ಹೆದರಿ ಕೂತಿರುತ್ತದೆ, ಗಮನಿಸಬೇಕಾದ್ದು ಚೀಟಿಯಲ್ಲಿ ಒಂದು ಸಂಖ್ಯೆಯಾಗಿ ಮೇಜಿನ ಮೇಲೆ ಬಿದ್ದಿರುತ್ತದೆ. ನೀವು ಆ ಸಂಖ್ಯೆಯನ್ನು ಗಮನಿಸಿ ಬರೆದಿದ್ದೀರಿ. ಅದರಿಂದಲೇ ಶುರು ಮಾಡೋಣ.

‘ರಕ್ತ ತೆಳು ಮಾಡುವ ಮಾತ್ರೆ’ ಎಂದು ಎಲ್ಲರೂ ಅನ್ನುತ್ತಾರೆ, ನಾವೂ ಅನ್ನುತ್ತೇವೆ. ವಾಸ್ತವದಲ್ಲಿ ರಕ್ತ ನೀರಾಗುವುದಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಪ್ರೋಟೀನುಗಳನ್ನು ಯಕೃತ್ತು ವಿಟಮಿನ್ ಕೆ ಬಳಸಿ ತಯಾರಿಸುತ್ತದೆ. ವಾರ್ಫರಿನ್ ಆ ಬಳಕೆಗೆ ಅಡ್ಡ ನಿಲ್ಲುತ್ತದೆ. ಹಾಗಾಗಿ ಹೆಪ್ಪುಗಟ್ಟಲು ಹೆಚ್ಚು ಹೊತ್ತು ಹಿಡಿಯುತ್ತದೆ. ಆ ಹೊತ್ತನ್ನು ಎಲ್ಲ ಲ್ಯಾಬುಗಳಿಗೂ ಒಂದೇ ಅಳತೆಯಾಗುವಂತೆ ಲೆಕ್ಕ ಹಾಕಿ ಕೊಡುವ ಸಂಖ್ಯೆಯೇ ಐಎನ್‌ಆರ್. ಮಾತ್ರೆ ತಿನ್ನದವರಲ್ಲಿ ಅದು 1ರ ಆಸುಪಾಸು. ಮೈಟ್ರಲ್ ಜಾಗದ ಲೋಹದ ವಾಲ್ವಿಗೆ 2.5ರಿಂದ 3.5ರ ನಡುವೆ, ಗುರಿ 3. ಮಹಾಪಧಮನಿಯ ವಾಲ್ವ್ ಬದಲಿಸಿಕೊಂಡ ಪರಿಚಯದವರು ಯಾರಾದರೂ ‘ನಮಗೆ 2 ಇದ್ದರೆ ಸಾಕು ಅಂದಿದ್ದಾರೆ’ ಎಂದರೆ ಅದನ್ನು ನಿಮ್ಮ ಮನೆಯವರಿಗೆ ಹೊಂದಿಸಬೇಡಿ. ಅಲ್ಲಿ ರಕ್ತ ರಭಸವಾಗಿ ನುಗ್ಗಿ ವಾಲ್ವನ್ನು ತೊಳೆಯುತ್ತಲೇ ಇರುತ್ತದೆ. ಮೈಟ್ರಲ್ ವಾಲ್ವಿನ ಮುಂದಿರುವ ಮೇಲ್ಕೋಣೆಯಲ್ಲಿ ಒತ್ತಡ ಕಡಿಮೆ, ಹರಿವು ನಿಧಾನ. ರುಮ್ಯಾಟಿಕ್ ಕಾಯಿಲೆಯಲ್ಲಿ ಆ ಕೋಣೆ ಎಷ್ಟೋ ವರ್ಷ ಹಿಗ್ಗಿರುತ್ತದೆ ಬೇರೆ. ನಿಂತ ನೀರಿನಲ್ಲಿ ಪಾಚಿ ಕಟ್ಟಿದ ಹಾಗೆ ಅಲ್ಲಿ ಹೆಪ್ಪು ಕಟ್ಟುವುದು ಸುಲಭ. ಸಾಲದ್ದಕ್ಕೆ, ವಾಲ್ವನ್ನು ಹೊಲಿದ ಬಟ್ಟೆಯ ಉಂಗುರದ ಮೇಲೆ ದೇಹದ ಸ್ವಂತ ಪದರ ಬೆಳೆದು ಮುಚ್ಚಿಕೊಳ್ಳಲು ಮೊದಲ ಮೂರು ತಿಂಗಳು ಬೇಕು. ಹೆಪ್ಪಿನ ಅಪಾಯ ಅತಿ ಹೆಚ್ಚಿರುವ ಕಾಲ ಇದೇ.

ಹಾಗಾದರೆ 1.8ಕ್ಕೆ ಇಳಿದದ್ದೇಕೆ? ಸೊಪ್ಪಿನಲ್ಲಿ ವಿಟಮಿನ್ ಕೆ ಹೆಚ್ಚಿರುತ್ತದೆ ನಿಜ, ಆದರೆ ಸೊಪ್ಪು ಒಂದೇ ಅಪರಾಧಿಯಲ್ಲ. ಆಸ್ಪತ್ರೆಯಲ್ಲಿದ್ದಾಗ ಊಟ ಸೇರುವುದಿಲ್ಲ, ಆಂಟಿಬಯಾಟಿಕ್ ನಡೆದಿರುತ್ತದೆ, ಯಕೃತ್ತು ಇನ್ನೂ ಚೇತರಿಸಿಕೊಳ್ಳುತ್ತಿರುತ್ತದೆ. ಆಗ ಕಡಿಮೆ ಮಾತ್ರೆಗೇ ಐಎನ್‌ಆರ್ ಏರುತ್ತದೆ. ಮನೆಗೆ ಬಂದು ಹಸಿವು ಮರಳಿತು, ಆಂಟಿಬಯಾಟಿಕ್ ಮುಗಿಯಿತು ಎಂದ ಕೂಡಲೇ ಅದೇ 3 ಮಿ.ಗ್ರಾಂ. ಸಾಲದಾಗುತ್ತದೆ. ಇದರ ಮೇಲೆ ನೀವು ಮೊದಲು ಸೊಪ್ಪು ಪೂರ್ತಿ ನಿಲ್ಲಿಸಿ, ಆಮೇಲೆ ಒಮ್ಮೆಲೇ ದಿನಕ್ಕೆರಡು ಹೊತ್ತು ಕೊಟ್ಟಿರಿ. ಸೊಪ್ಪು ವಿಷವಲ್ಲ, ಅದನ್ನು ಬಿಡಿಸಬೇಕಾಗಿಯೂ ಇಲ್ಲ. ದಿನಾ ಒಂದು ಸಣ್ಣ ಬಟ್ಟಲು ತಿನ್ನುವುದಾದರೆ ಪ್ರತಿದಿನವೂ ಅಷ್ಟೇ ತಿನ್ನಲಿ. ಮಾತ್ರೆಯನ್ನು ಅವರ ಊಟಕ್ಕೆ ಹೊಂದಿಸಬಹುದು, ದಿನಕ್ಕೊಂದು ಬಗೆಯಾದರೆ ಯಾವುದಕ್ಕೂ ಹೊಂದಿಸಲಾಗದು. ಸಂಪೂರ್ಣ ಬಿಟ್ಟವರಲ್ಲೇ ಐಎನ್‌ಆರ್ ಹೆಚ್ಚು ಹೊಯ್ದಾಡುತ್ತದೆ. ಒಳಗೆ ವಿಟಮಿನ್ ಕೆ ದಾಸ್ತಾನೇ ಇರುವುದಿಲ್ಲವಾದ್ದರಿಂದ, ಹಬ್ಬಕ್ಕೋ ಹಸಿವಿಗೋ ಒಂದು ದಿನ ಹೆಚ್ಚು ತಿಂದರೂ ಸಂಖ್ಯೆ ಧೊಪ್ಪನೆ ಬೀಳುತ್ತದೆ.

ಡಾಕ್ಟರು ಈಗ ಮಾಡುವುದು ಎರಡರಲ್ಲಿ ಒಂದು. ಮಾತ್ರೆ ಹೆಚ್ಚಿಸುತ್ತಾರೆ. ಅಥವಾ ಮಾತ್ರೆ ಹೆಚ್ಚಿಸಿ, ಅದು ಕೆಲಸಕ್ಕೆ ಬರುವವರೆಗೆ ಹೊಟ್ಟೆಯ ಚರ್ಮದಡಿ ಕೊಡುವ ಹೆಪಾರಿನ್ ಜಾತಿಯ ಇಂಜೆಕ್ಷನ್ ಸೇರಿಸುತ್ತಾರೆ. ಮಾತ್ರೆಯ ಲೆಕ್ಕ ದಿನಕ್ಕಲ್ಲ, ವಾರಕ್ಕೆ. ದಿನಕ್ಕೆ 3ರಂತೆ ವಾರಕ್ಕೆ 21 ಮಿ.ಗ್ರಾಂ. ಆಗುತ್ತದೆ. ವಾರದಲ್ಲಿ ಎರಡು ದಿನ 4, ಉಳಿದ ಐದು ದಿನ 3 ಎಂದರೆ 23. ಇದು ಶೇಕಡಾ 10ರಷ್ಟು ಏರಿಕೆ. ಸಾಮಾನ್ಯವಾಗಿ ಬದಲಾವಣೆ ಶೇಕಡಾ 5ರಿಂದ 20ರೊಳಗೆ ಇರುತ್ತದೆ. ಈ ಲೆಕ್ಕ ಹೇಳಿದ್ದು ನೀವೇ ಬದಲಿಸಲಿ ಎಂದಲ್ಲ, ಚೀಟಿಯಲ್ಲಿ ‘ಸೋಮ, ಗುರು 4, ಉಳಿದ ದಿನ 3’ ಎಂದು ಬರೆದಾಗ ಗೊಂದಲವಾಗದಿರಲಿ ಎಂದು. ಬದಲಿಸಿದ ಮರುದಿನವೇ ಸಂಖ್ಯೆ ಏರುವುದಿಲ್ಲ. ಆಗಲೇ ರಕ್ತದಲ್ಲಿರುವ ಹೆಪ್ಪುಗಟ್ಟಿಸುವ ಪ್ರೋಟೀನು ಕರಗಬೇಕು. ಎರಡು ಮೂರು ದಿನಕ್ಕೆ ಫಲ ಕಾಣತೊಡಗಿ ಪೂರ್ತಿಯಾಗಲು ಸುಮಾರು ಒಂದು ವಾರ. ಈ ನಡುವಿನ ದಿನಗಳ ಕಾವಲಿಗೇ ಆ ಇಂಜೆಕ್ಷನ್. ಅದರ ಅಪಾಯ ರಕ್ತಸ್ರಾವ. ಆಪರೇಷನ್ ಆಗಿ ನಾಲ್ಕೇ ವಾರವಾದ್ದರಿಂದ ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ಸೇರಿಕೊಳ್ಳಬಹುದು. ಅದಕ್ಕೇ ಕೆಲವರು ಮೊದಲು ಒಂದು ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ಮಾಡಿ ನೋಡುತ್ತಾರೆ. ಈ ತೂಕ ಅವರಿಗೇ ಬಿಡಿ. ಮೂರರಿಂದ ಐದು ದಿನದಲ್ಲಿ ಮತ್ತೆ ಪರೀಕ್ಷೆ, ಆಮೇಲೆ ವಾರಕ್ಕೊಮ್ಮೆ, ಸತತವಾಗಿ ಸರಿ ಬಂದ ಮೇಲೆ ಎರಡು ವಾರಕ್ಕೆ, ಕೊನೆಗೆ ನಾಲ್ಕು ವಾರಕ್ಕೊಮ್ಮೆ.

ಪರೀಕ್ಷೆ ಒಂದೇ ಲ್ಯಾಬಿನಲ್ಲಿ ಆಗಲಿ. ರಕ್ತ ತೆಗೆಯುವಾಗ ಒಂದು ಸಣ್ಣ ಸಂಗತಿ ನೋಡಿ: ತಿಳಿನೀಲಿ ಮುಚ್ಚಳದ ನಳಿಕೆಗೆ ಗೆರೆಯವರೆಗೂ ರಕ್ತ ತುಂಬಬೇಕು. ಅದರೊಳಗೆ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲಿನ ಲೆಕ್ಕದಲ್ಲಿ ಸಿಟ್ರೇಟ್ ದ್ರವ ಇರುತ್ತದೆ. ಅರ್ಧಂಬರ್ಧ ತುಂಬಿದರೆ ಐಎನ್‌ಆರ್ ಇರುವುದಕ್ಕಿಂತ ಹೆಚ್ಚು ಬರುತ್ತದೆ. ಕಡಿಮೆ ಇದ್ದದ್ದು ಸರಿಯಾಗಿದೆ ಎಂದು ನಂಬಿ ಕೂರುವುದು ಹೀಗೆ. ಬೆರಳು ಚುಚ್ಚಿ ಮನೆಯಲ್ಲೇ ನೋಡುವ ಯಂತ್ರ ಒಳ್ಳೆಯದೇ, ಮೊದಲ ಕೆಲವು ಸಲ ಲ್ಯಾಬಿನ ವರದಿಯ ಜೊತೆ ಹೋಲಿಸಿಕೊಂಡ ಮೇಲೆ.

ಮಾತ್ರೆ ಸಂಜೆಯೋ ರಾತ್ರಿಯೋ ಒಂದೇ ಹೊತ್ತಿಗೆ ಇರಲಿ. ಬೆಳಿಗ್ಗೆ ಪರೀಕ್ಷೆಯಾದರೆ ಅವತ್ತಿನ ಮಾತ್ರೆಯನ್ನೇ ಬದಲಿಸಲು ಸಮಯ ಸಿಗುತ್ತದೆ. ಮರೆತದ್ದು ಅದೇ ದಿನ ನೆನಪಾದರೆ ಕೊಡಿ. ಮರುದಿನ ನೆನಪಾದರೆ ಬಿಟ್ಟುಬಿಡಿ, ಎರಡು ಸೇರಿಸಿ ಕೊಡಬೇಡಿ, ಪುಸ್ತಕದಲ್ಲಿ ಬರೆದಿಡಿ. ಅಂಗಡಿಯವರು ‘ಅದೂ ಇದೂ ಒಂದೇ’ ಎಂದು ಅಸೆನೊಕೌಮರಾಲ್ ಕೊಟ್ಟರೆ ತೆಗೆದುಕೊಳ್ಳಬೇಡಿ. ಅದೂ ಇದೇ ಕೆಲಸ ಮಾಡುವ ಔಷಧವೇ, ಮಿಲಿಗ್ರಾಂ ಲೆಕ್ಕ ಮಾತ್ರ ಬೇರೆ.

ಹೊಸ ಮಾತ್ರೆಯ ವಿಷಯಕ್ಕೆ ಉತ್ತರ ಖಂಡಿತ: ಬೇಡ. ಡಬಿಗಟ್ರಾನ್ ಎಂಬ ಮಾತ್ರೆಯನ್ನು ಲೋಹದ ವಾಲ್ವಿನವರಲ್ಲಿ ಪರೀಕ್ಷಿಸಿದಾಗ ಹೆಪ್ಪೂ ಹೆಚ್ಚಾಯಿತು, ರಕ್ತಸ್ರಾವವೂ ಹೆಚ್ಚಾಯಿತು. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಪಿಕ್ಸಾಬಾನ್ ಮೇಲಿನ ಅಧ್ಯಯನವೂ 2022ರಲ್ಲಿ ನಿಂತಿತು. ಅದು ಹೆಪ್ಪಿನ ಅಪಾಯ ಕಡಿಮೆಯಿರುವ ಮಹಾಪಧಮನಿಯ ವಾಲ್ವಿನವರಲ್ಲೇ ನಡೆದದ್ದು. ಬೇರೆ ಕೆಲವು ಹೃದಯರೋಗಿಗಳಿಗೆ ಈ ಮಾತ್ರೆಗಳು ವರವಾಗಿವೆ, ಅದಕ್ಕೇ ಅವುಗಳ ಸುದ್ದಿ ನಿಮ್ಮ ಕಿವಿಗೂ ಬಿದ್ದಿದೆ. ಲೋಹದ ವಾಲ್ವ್ ಇರುವವರಿಗೆ ಇವತ್ತಿಗೂ ವಾರ್ಫರಿನ್ ಗುಂಪಿನ ಮಾತ್ರೆಯೇ ಗತಿ. ಹಾಗಂತ ಜೈವಿಕ ವಾಲ್ವ್ ಹಾಕಿಸಬೇಕಿತ್ತೇ ಎಂದು ಕೊರಗಬೇಡಿ. 38ರ ವಯಸ್ಸಿನಲ್ಲಿ ಅದು ಬೇಗ ಸವೆದು, ಹತ್ತು ಹದಿನೈದು ವರ್ಷದಲ್ಲಿ ಎರಡನೇ ಸಲ ಎದೆ ತೆರೆಯಬೇಕಾಗಿ ಬರುವ ಸಂಭವ ಹೆಚ್ಚು.

ಇನ್ನು ಸದ್ದು. ನಿಮ್ಮ ಪತ್ರದಲ್ಲಿ ಸದ್ದುಗಳು ಎರಡಿವೆ, ಎರಡಕ್ಕೂ ಸಂಬಂಧವಿಲ್ಲ.

ಟಿಕ್ ಟಿಕ್ ವಾಲ್ವಿನದು. ‘ಲೋಹದ ವಾಲ್ವ್’ ಎಂದರೂ ಅದರ ಎರಡು ಅರ್ಧಚಂದ್ರಾಕಾರದ ಎಲೆಗಳು ಗಟ್ಟಿ ಇಂಗಾಲದವು. ಪ್ರತಿ ಬಡಿತಕ್ಕೆ ಅವು ಮುಚ್ಚಿಕೊಳ್ಳುವಾಗ ಚೌಕಟ್ಟಿಗೆ ತಾಕಿ ಸದ್ದಾಗುತ್ತದೆ. ನಾಡಿ ನಿಮಿಷಕ್ಕೆ 75 ಇದ್ದರೆ ದಿನಕ್ಕೆ 1,08,000 ಸಲ. ತೆಳ್ಳಗಿರುವವರಲ್ಲಿ, ನಿಶ್ಶಬ್ದ ಕೋಣೆಯಲ್ಲಿ, ಬಾಯಿ ತೆರೆದಾಗ ಹೆಚ್ಚು ಕೇಳುತ್ತದೆ. ಮಲಗುವ ಮಗ್ಗುಲು ಬದಲಿಸಿ, ಫ್ಯಾನಿನಂಥ ಸಣ್ಣ ಸದ್ದು ಕೋಣೆಯಲ್ಲಿರಲಿ. ಕೆಲವು ತಿಂಗಳಲ್ಲಿ ಬಹುಪಾಲು ಜನರ ಕಿವಿ ಅದನ್ನು ಮರೆಯುತ್ತದೆ. ಅವರಿಗೆ ಒಂದು ಮಾತು ಹೇಳಿ: ಆ ಸದ್ದು ಇರುವುದೇ ಒಳ್ಳೆಯದು. ಹೆದರಬೇಕಾದ್ದು ಅದು ಮಂಕಾದಾಗ. ದಿನಕ್ಕೊಮ್ಮೆ ಅವರ ಬೆನ್ನ ಎಡಭಾಗಕ್ಕೋ ಎದೆಯ ಪಕ್ಕಕ್ಕೋ ನೀವೇ ಕಿವಿಯಿಟ್ಟು ಅರ್ಧ ನಿಮಿಷ ಕೇಳಿ. ಚುರುಕಾದ, ಲೋಹಕ್ಕೆ ಉಗುರು ತಾಕಿಸಿದಂಥ ಸದ್ದು ಇರಬೇಕು. ಅದು ಬಟ್ಟೆ ಸುತ್ತಿ ಹೊಡೆದಂತೆ ದಪ್ಪಗಾದರೆ, ಇಲ್ಲವೇ ಕೇಳದಂತಾದರೆ ವಾಲ್ವಿನ ಎಲೆಗೆ ಹೆಪ್ಪು ಅಂಟಿರಬಹುದು. ಜೊತೆಗೆ ಏದುಸಿರೂ ಇದ್ದರೆ ಗಂಟೆಗಳ ಲೆಕ್ಕ, ಆಂಬುಲೆನ್ಸ್ ಕರೆಯಿರಿ. ಐಎನ್‌ಆರ್ ಕಡಿಮೆಯಿರುವ ಈ ವಾರ ಇದನ್ನು ತಪ್ಪಿಸಬೇಡಿ.

‘ಕಟಕ್’ ಮೂಳೆಯದು. ಆಪರೇಷನ್ನಿನಲ್ಲಿ ಎದೆಮೂಳೆಯನ್ನು ಉದ್ದಕ್ಕೆ ಸೀಳಿ, ಮುಗಿದ ಮೇಲೆ ಸ್ಟೀಲ್ ತಂತಿಗಳಿಂದ ಬಿಗಿದು ಕಟ್ಟಿರುತ್ತಾರೆ. ತಂತಿ ಬರೀ ಹಿಡಿದಿಟ್ಟಿರುತ್ತದೆ, ಕೂಡಿಕೊಳ್ಳುವ ಕೆಲಸ ಮೂಳೆಯದು. ಅದಕ್ಕೆ ಆರರಿಂದ ಎಂಟು ವಾರ, ಪೂರ್ತಿ ಗಟ್ಟಿಯಾಗಲು ಮೂರು ತಿಂಗಳು. ಈ ಸದ್ದು ಪಕ್ಕೆಲುಬು ಎದೆಮೂಳೆಗೆ ಸೇರುವ ಮೃದು ಎಲುಬಿನಿಂದಲೂ ಬರಬಹುದು, ಅದು ತಾನಾಗಿ ಹೋಗುತ್ತದೆ. ಮೂಳೆಯ ಎರಡು ಅಂಚುಗಳೇ ಒಂದರ ಮೇಲೊಂದು ಜರುಗುತ್ತಿದ್ದರೆ ಅದು ಬೇರೆ ಮಾತು. ಡಾಕ್ಟರು ಅಂಗೈಯಿಟ್ಟು ಕೆಮ್ಮಿಸಿ ನೋಡುತ್ತಾರೆ, ಬೇಕೆನಿಸಿದರೆ ಸಿಟಿ ಸ್ಕ್ಯಾನ್. ನೀವು ಮನೆಯಲ್ಲಿ ಪದೇ ಪದೇ ಒತ್ತಿ ನೋಡಬೇಡಿ, ನೋಡಿದಷ್ಟೂ ಕೂಡುವುದು ತಡವಾಗುತ್ತದೆ. ಸ್ವಲ್ಪ ಜರುಗುತ್ತಿದ್ದು ಸೋಂಕಿಲ್ಲದಿದ್ದರೆ ಎದೆಪಟ್ಟಿ ಹಾಕಿ ಕೆಲವು ವಾರ ಕಾಯುತ್ತಾರೆ. ಹೆಚ್ಚು ಸಡಿಲವಾಗಿದ್ದರೆ ಮತ್ತೆ ತಂತಿ ಕಟ್ಟಬೇಕು. ಸೋಂಕಿದ್ದರೆ ಗಾಯ ತೆರೆದು ತೊಳೆಯಬೇಕು, ಅದು ತಡವಾದಷ್ಟೂ ಕಷ್ಟ. ಗಾಯದ ಅಂಚು ಕೆಂಪೇರಿದೆಯೇ, ಹೊಲಿಗೆಯ ಯಾವುದಾದರೂ ಜಾಗದಿಂದ ತಿಳಿನೀರು ಅಥವಾ ಕೀವು ಒಸರಿ ಒಳ ಅಂಗಿಗೆ ಕಲೆಯಾಗಿದೆಯೇ ಎಂದು ಇವತ್ತೇ ಹಗಲು ಬೆಳಕಿನಲ್ಲಿ ನೋಡಿ. ಸ್ತನದ ಭಾರ ಗಾಯದ ಕೆಳತುದಿಯನ್ನು ಎಳೆಯುತ್ತದೆ. ಮುಂದೆ ಕೊಂಡಿಯಿರುವ, ತಂತಿಯಿಲ್ಲದ ಹತ್ತಿಯ ಬ್ರಾ ಹಗಲೂ ರಾತ್ರಿಯೂ ಹಾಕಿಕೊಂಡರೆ ನೋವೂ ಇಳಿಯುತ್ತದೆ, ಹೊಲಿಗೆಯೂ ಉಳಿಯುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಇದನ್ನು ಬರೆಯುವುದು ಅಪರೂಪ.

ಮೂಳೆಗೆ ತೊಂದರೆಯಾಗುವುದು ನಡೆಯುವುದರಿಂದಲ್ಲ, ಏಳುವ ರೀತಿಯಿಂದ. ಹೆಚ್ಚಿನ ಮನೆಗಳಲ್ಲಿ ಪ್ರೀತಿಯಿಂದ ಮಾಡುವ ತಪ್ಪೆಂದರೆ ರೋಗಿಯ ಕೈ ಹಿಡಿದು ಎಳೆದು ಎಬ್ಬಿಸುವುದು. ಒಂದು ಕೈ ಎಳೆದರೆ ಮೂಳೆಯ ಒಂದು ಅರ್ಧ ಮಾತ್ರ ಎಳೆಯಲ್ಪಡುತ್ತದೆ. ಬದಲಿಗೆ ಹೀಗೆ ಮಾಡಿಸಿ: ಮಲಗಿದ್ದಲ್ಲೇ ಎರಡೂ ಮಂಡಿ ಮಡಚಲಿ. ದಿಂಬೊಂದನ್ನು ಎದೆಗೆ ಅಪ್ಪಿಕೊಳ್ಳಲಿ. ಭುಜ, ಸೊಂಟ, ಮಂಡಿ ಮೂರನ್ನೂ ಒಂದೇ ದಿಮ್ಮಿಯಂತೆ ಪಕ್ಕಕ್ಕೆ ಉರುಳಿಸಲಿ. ಕಾಲು ಮಂಚದಿಂದ ಕೆಳಗಿಳಿದಾಗ ಆ ಭಾರಕ್ಕೇ ಮೈ ಮೇಲೇಳುತ್ತದೆ. ನೀವು ಹೆಗಲ ಹಿಂದೆ ಅಂಗೈಯಿಟ್ಟು ಆನಿಸಿದರೆ ಸಾಕು. ಕುರ್ಚಿಯಿಂದ ಏಳುವಾಗ ಅಂಚಿಗೆ ಜರುಗಿ, ಮುಂದಕ್ಕೆ ಬಾಗಿ, ತೊಡೆಯ ಬಲದಿಂದ ಏಳಬೇಕು. ಕೆಮ್ಮು ಸೀನು ಬಂದಾಗ ಅದೇ ದಿಂಬನ್ನು ಎದೆಗೆ ಒತ್ತಿ ಹಿಡಿಯಬೇಕು. ಆರರಿಂದ ಎಂಟು ವಾರ ನಾಲ್ಕೈದು ಕಿಲೋಗಿಂತ ಹೆಚ್ಚು ಎತ್ತುವುದು ಬೇಡ. ತುಂಬಿದ ಬಕೆಟ್ಟು, ಮಗು, ಜಗ್ಗಿ ಎಳೆಯಬೇಕಾದ ಬಾಗಿಲು ಎಲ್ಲ ಇದರಲ್ಲೇ ಬಂತು. ಹಗುರ ಸಾಮಾನು ಎತ್ತುವಾಗ ಮೊಣಕೈ ಪಕ್ಕೆಗೆ ಅಂಟಿದಂತಿದ್ದರೆ ಎದೆಮೂಳೆಗೆ ಜಗ್ಗಾಟವಿಲ್ಲ. ತಲೆ ಬಾಚಿಕೊಳ್ಳಲಿ, ಕೈ ಮೇಲೆತ್ತಲಿ, ಪರವಾಗಿಲ್ಲ. ಹೆದರಿ ತೋಳು ಅಲ್ಲಾಡಿಸದೇ ಇದ್ದರೆ ಭುಜ ಸೆಟೆದುಕೊಳ್ಳುತ್ತದೆ.

ಹಾಗಾಗಿ ಹಿರಿಯರ ಮಾತು ಇಲ್ಲಿ ನಡೆಯುವುದಿಲ್ಲ. ಕಾಳಜಿಯಿಂದಲೇ ಹೇಳುತ್ತಾರೆ, ಆದರೆ ಮೂರು ತಿಂಗಳು ಹಾಸಿಗೆ ಹಿಡಿದರೆ ಶ್ವಾಸಕೋಶದ ತಳಭಾಗ ಬಿಚ್ಚಿಕೊಳ್ಳದೆ ಕಫ ಕಟ್ಟುತ್ತದೆ, ಕಾಲಿನಲ್ಲಿ ಹೆಪ್ಪುಗಟ್ಟುತ್ತದೆ, ಇದ್ದ ಶಕ್ತಿಯೂ ಕರಗುತ್ತದೆ. ನಾಳೆ ಡಾಕ್ಟರು ಎದೆ ನೋಡಿ ಸರಿ ಎಂದ ಮೇಲೆ, ಸಮತಟ್ಟಾದ ಜಾಗದಲ್ಲಿ ಐದರಿಂದ ಹತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ನಡೆಯಲಿ. ಒಂದೆರಡು ದಿನಕ್ಕೊಮ್ಮೆ ಒಂದೆರಡು ನಿಮಿಷ ಏರಿಸುತ್ತಾ ಹೋಗಿ ಒಂದೇ ಸಲಕ್ಕೆ ಅರ್ಧ ಗಂಟೆ ನಡೆಯುವಂತಾಗಬೇಕು. ನಡೆಯುತ್ತಾ ಒಂದು ಪೂರ್ತಿ ವಾಕ್ಯ ಮಾತಾಡಲು ಬರುತ್ತಿದ್ದರೆ ವೇಗ ಸರಿಯಾಗಿದೆ. ಮೆಟ್ಟಿಲೂ ಹತ್ತಬಹುದು, ನಿಧಾನಕ್ಕೆ, ಕಟಕಟೆ ಹಿಡಿದು ಮೈ ಎಳೆದುಕೊಳ್ಳದೆ. ಮೂರು ಚೆಂಡಿನ ಉಸಿರಾಟದ ಆಟಿಕೆಯಂಥ ಉಪಕರಣ ಕೊಟ್ಟಿದ್ದರೆ ಎಚ್ಚರವಿದ್ದಾಗ ಗಂಟೆ ಎರಡು ಗಂಟೆಗೊಮ್ಮೆ ಹತ್ತು ಸಲ, ನೆಟ್ಟಗೆ ಕೂತು. ಅದನ್ನು ಊದಬಾರದು, ನಿಧಾನಕ್ಕೆ ಎಳೆದುಕೊಳ್ಳಬೇಕು.

ಈಗ ಜ್ವರ. 99.6 ಎಂಬುದು ತಾನೇ ದೊಡ್ಡ ಜ್ವರವಲ್ಲ, 100.4 ದಾಟಿದರೆ ಅದು ಜ್ವರ. ಆದರೆ ಹೊಸ ವಾಲ್ವ್ ಇರುವವರಲ್ಲಿ, ನಾಲ್ಕನೇ ವಾರದಲ್ಲಿ, ದಿನಾ ಸಂಜೆ ಏರುತ್ತಿದೆ ಎಂದರೆ ಕಾರಣ ಹುಡುಕಬೇಕು. ಆಪರೇಷನ್ ಆದ ಒಂದರಿಂದ ಆರು ವಾರದಲ್ಲಿ ಹೃದಯದ ಹೊರಚೀಲ ಊದಿಕೊಂಡು ಬರುವ ಜ್ವರವಿದೆ. ಉಸಿರೆಳೆದಾಗ ಎದೆ ಚುಚ್ಚುತ್ತದೆ, ಮುಂದೆ ಬಾಗಿದರೆ ಹಗುರವಾಗುತ್ತದೆ. ಅದು ಸೋಂಕಲ್ಲ, ಆಂಟಿಬಯಾಟಿಕ್ಕಿಗೆ ಬಗ್ಗುವುದಿಲ್ಲ. ಶ್ವಾಸಕೋಶದ ಕಫ, ಮೂತ್ರದ ಸೋಂಕು, ಎದೆಗಾಯದ ಸೋಂಕು ಕೂಡ ಇರಬಹುದು. ಇವೆಲ್ಲಕ್ಕಿಂತ ಅಪರೂಪ, ಎಲ್ಲಕ್ಕಿಂತ ಗಂಭೀರ ಎಂದರೆ ವಾಲ್ವಿಗೇ ತಗಲುವ ಸೋಂಕು. ಅದನ್ನು ಹಿಡಿಯುವ ದಾರಿ ಬ್ಲಡ್ ಕಲ್ಚರ್: ಬೇರೆ ಬೇರೆ ಜಾಗದಿಂದ ಎರಡು ಮೂರು ಸಲ ರಕ್ತ ತೆಗೆದು, ರೋಗಾಣು ಬೆಳೆಯುತ್ತದೆಯೇ ಎಂದು ಕಾಯುವುದು. ನೀವು ತಂದಿಟ್ಟ ಮಾತ್ರೆಯನ್ನು ಎರಡು ದಿನ ಕೊಟ್ಟಿರಿ ಎನ್ನಿ. ರಕ್ತದಲ್ಲಿರುವ ರೋಗಾಣು ಅಡಗುತ್ತದೆ, ವಾಲ್ವಿಗೆ ಅಂಟಿದ್ದು ಹಾಗೇ ಉಳಿಯುತ್ತದೆ. ಜ್ವರ ಬಿಟ್ಟಿತೆಂದು ನೀವು ನಿರಾಳ, ಕಲ್ಚರಿನಲ್ಲಿ ಏನೂ ಬರುವುದಿಲ್ಲ. ಎರಡು ವಾರದ ಮೇಲೆ ಜ್ವರ ಮರಳಿದಾಗ ಯಾವ ರೋಗಾಣು, ಯಾವ ಔಷಧ ಎಂದು ಗೊತ್ತಿಲ್ಲದೆ ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಹೊಸ ವಾಲ್ವ್ ಇರುವವರಿಗೆ ಕಾರಣ ತಿಳಿಯದ ಜ್ವರ ಬಂದರೆ ಮೊದಲು ಕಲ್ಚರ್, ಆಮೇಲೆ ಮಾತ್ರೆ. ಇದು ಈ ತಿಂಗಳಿಗಷ್ಟೇ ಅಲ್ಲ, ಜೀವಮಾನಕ್ಕೆ. ಹಲವು ಆಂಟಿಬಯಾಟಿಕ್ಕುಗಳು ವಾರ್ಫರಿನ್ನಿನ ಲೆಕ್ಕವನ್ನೂ ಕೆಡಿಸುತ್ತವೆ. ಮೆಟ್ರೊನಿಡಜೋಲ್, ಕೋ-ಟ್ರೈಮಾಕ್ಸಜೋಲ್ ಐಎನ್‌ಆರ್ ಅನ್ನು ಬಹಳ ಏರಿಸುತ್ತವೆ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಬಹಳ ಇಳಿಸುತ್ತದೆ.

ನೋವಿಗೆ ಪ್ಯಾರಸಿಟಮಾಲ್ ಸಾಕು, ಡಾಕ್ಟರು ಹೇಳಿದ ಪ್ರಮಾಣದಲ್ಲಿ. ದಿನಕ್ಕೆ 2 ಗ್ರಾಂನಂತೆ ಹಲವು ದಿನ ನಡೆದರೆ ಅದೂ ಐಎನ್‌ಆರ್ ಏರಿಸಬಲ್ಲದು, ಪುಸ್ತಕದಲ್ಲಿ ಬರೆದಿಡಿ. ಮಾತ್ರೆ ಕೊಡುವ ಮೊದಲೇ ಜ್ವರ ಅಳೆಯಿರಿ, ಕೊಟ್ಟ ಮೇಲೆ ಅಳೆದದ್ದು ಲೆಕ್ಕಕ್ಕಿಲ್ಲ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಮನೆಯಲ್ಲೇ ಬೇಡ, ವಾರ್ಫರಿನ್ ಜೊತೆ ಅವು ಹೊಟ್ಟೆಯಲ್ಲಿ ರಕ್ತ ಸುರಿಸುತ್ತವೆ. ಗಿಡಮೂಲಿಕೆಯ ಔಷಧ, ವಿಟಮಿನ್ ಮಾತ್ರೆ ಯಾವುದನ್ನೇ ಆಗಲಿ ಡಾಕ್ಟರಿಗೆ ತೋರಿಸದೆ ಶುರು ಮಾಡಬೇಡಿ. ಮುಂದೆಂದಾದರೂ ಐಎನ್‌ಆರ್ ಹೆಚ್ಚು ಬಂತೆಂದು ವಿಟಮಿನ್ ಕೆ ಕೊಡುವ ಸಾಹಸವೂ ಬೇಡ. ಅದು ವಾಲ್ವಿನ ಮೇಲೇ ಹೆಪ್ಪುಗಟ್ಟಿಸಬಹುದು.

ಅಳುವಿನ ವಿಷಯ. ಇಂಥ ಆಪರೇಷನ್ ನಂತರದ ವಾರಗಳಲ್ಲಿ ಅಳು, ಕೆಟ್ಟ ಕನಸು, ಮರೆವು, ಬಾಯಿಗೆ ರುಚಿಯಿಲ್ಲದಿರುವುದು ತೀರಾ ಸಾಮಾನ್ಯ. ‘ಧೈರ್ಯವಾಗಿರು’ ಎಂದು ಹೇಳುವುದಕ್ಕಿಂತ ಹಗಲು ಮಲಗದಂತೆ ಜೊತೆಗೆ ನಡೆಯುವುದು, ರಾತ್ರಿ ನೋವಿನ ಮಾತ್ರೆಯನ್ನು ಮಲಗುವ ಅರ್ಧ ಗಂಟೆ ಮೊದಲು ಕೊಡುವುದು ಹೆಚ್ಚು ಕೆಲಸ ಮಾಡುತ್ತವೆ. ದಿನಾ ಸ್ವಲ್ಪ ಸ್ವಲ್ಪ ಹಗುರವಾಗುತ್ತಾ ಹೋಗಬೇಕು. ಎರಡು ವಾರ ಒಂದೇ ಸಮನೆ ಅಳುತ್ತಿದ್ದರೆ, ಊಟ ಬಿಟ್ಟರೆ, ಬದುಕುವುದೇ ಬೇಡ ಎಂಬ ಮಾತು ಬಂದರೆ ಅದಕ್ಕೂ ಚಿಕಿತ್ಸೆಯಿದೆ, ಕೇಳಲು ಸಂಕೋಚಪಡಬೇಡಿ. ಖಿನ್ನತೆಯ ಕೆಲವು ಮಾತ್ರೆಗಳು ರಕ್ತಸ್ರಾವ ಹೆಚ್ಚಿಸುವುದರಿಂದ ವಾರ್ಫರಿನ್ ನಡೆಯುತ್ತಿದೆ ಎಂದು ಹೇಳಿ.

ನೀವು ಕೇಳದ, ಆದರೆ 38ರ ಹೆಣ್ಣುಮಗಳ ವಿಷಯದಲ್ಲಿ ನಾನು ಹೇಳಲೇಬೇಕಾದ ಮಾತಿದೆ. ವಾರ್ಫರಿನ್ ಮೇಲೆ ಮುಟ್ಟಿನ ಸ್ರಾವ ಹೆಚ್ಚಾಗುತ್ತದೆ. ಸ್ರಾವ ಜಾಸ್ತಿಯಾಯಿತೆಂದು ಮಾತ್ರೆ ನಿಲ್ಲಿಸಿ ವಾಲ್ವ್ ಕಟ್ಟಿಕೊಂಡು ಬಂದವರಿದ್ದಾರೆ. ನಿಲ್ಲಿಸಬಾರದು. ಗಂಟೆಗೊಂದು ಪ್ಯಾಡ್ ತೋಯುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಇಲ್ಲವಾದರೆ ಸ್ತ್ರೀರೋಗ ತಜ್ಞರನ್ನು ಕಂಡು ಪರಿಹಾರ ಕೇಳಿ. ಈಸ್ಟ್ರೊಜೆನ್ ಇರುವ ಮಾತ್ರೆಗಳು ಹೆಪ್ಪು ಹೆಚ್ಚಿಸುವುದರಿಂದ ಬೇಡ, ಬೇರೆ ದಾರಿಗಳಿವೆ. ಗರ್ಭಧಾರಣೆಯ ಆರರಿಂದ ಹನ್ನೆರಡನೇ ವಾರದ ನಡುವೆ ವಾರ್ಫರಿನ್ ಮಗುವಿನ ಬೆಳವಣಿಗೆಗೆ ಹಾನಿ ಮಾಡಬಲ್ಲದು. ಹಾಗೆಂದು ತಾವಾಗಿಯೇ ನಿಲ್ಲಿಸಿದರೆ ತಾಯಿಯ ಜೀವಕ್ಕೇ ಅಪಾಯ. ಮುಟ್ಟು ಒಂದು ವಾರ ತಪ್ಪಿದರೂ ಪರೀಕ್ಷೆ ಮಾಡಿಸಿ. ಮಗು ಬೇಕೆಂದಿದ್ದರೆ ಮೊದಲೇ ಹೃದಯದ ಡಾಕ್ಟರ ಜೊತೆ ಕೂತು ಯೋಜನೆ ಮಾಡಿ.

ಇನ್ನೊಂದು. ವಾಲ್ವ್ ಬದಲಾಯಿತು, ರುಮ್ಯಾಟಿಕ್ ಕಾಯಿಲೆ ಹೋಗಲಿಲ್ಲ. ಆ ಜ್ವರ ಮರುಕಳಿಸದಿರಲೆಂದು ಮೊದಲಿನಿಂದ ಪೆನಿಸಿಲಿನ್ ನಡೆಯುತ್ತಿದ್ದರೆ ಅದು ಮುಂದುವರಿಯಬೇಕೇ, ಎಷ್ಟು ವರ್ಷ, ಇಂಜೆಕ್ಷನ್ನೋ ಮಾತ್ರೆಯೋ ಎಂದು ಕೇಳಿ ಬರೆಸಿಕೊಳ್ಳಿ. ಹಲ್ಲು ಕೀಳುವುದು, ಒಸಡು ಶುಚಿ ಮಾಡಿಸುವುದು ಇದ್ದರೆ ಅರ್ಧದಿಂದ ಒಂದು ಗಂಟೆ ಮೊದಲು ಒಂದೇ ಬಾರಿಗೆ ಅಮಾಕ್ಸಿಸಿಲಿನ್ 2 ಗ್ರಾಂ, ಅದು ಒಗ್ಗದವರಿಗೆ ಅಜಿತ್ರೋಮೈಸಿನ್ 500 ಮಿ.ಗ್ರಾಂ. ಎಂಬುದು ರೂಢಿ. ತುರ್ತಿಲ್ಲದ ಹಲ್ಲಿನ ಕೆಲಸ ಕೆಲವು ತಿಂಗಳು ಮುಂದೆ ಹೋಗಲಿ. ಹಲ್ಲಿನ ಬುಡದಲ್ಲಿ ಕೀವಾದರೆ ಕಾಯಬಾರದು, ವಾಲ್ವಿನ ಸೋಂಕಿಗೆ ಬಾಯಿಯೇ ದೊಡ್ಡ ಹೆಬ್ಬಾಗಿಲು.

ಒಂದು ನೋಟ್‌ಬುಕ್ ಮಾಡಿ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮೊದಲು, ಅಷ್ಟೇ ಬಟ್ಟೆಯಲ್ಲಿ ತೂಕ. ಒಂದು ನಿಮಿಷ ಪೂರ್ತಿ ಎಣಿಸಿದ ನಾಡಿ. ನಾಲ್ಕು ಹೊತ್ತಿನ ಜ್ವರ. ರಾತ್ರಿ ಕೊಟ್ಟ ಮಾತ್ರೆಯ ಮಿಲಿಗ್ರಾಂ. ತೂಕ ಒಂದೇ ದಿನಕ್ಕೆ ಒಂದು ಕಿಲೋ ಅಥವಾ ವಾರದಲ್ಲಿ ಎರಡು ಕಿಲೋ ಏರಿದರೆ ಅದು ಮಾಂಸವಲ್ಲ, ನೀರು. ಕಾಲು ಊದುವ ಮೊದಲೇ ತಕ್ಕಡಿ ಹೇಳಿಬಿಡುತ್ತದೆ. ನಾಡಿ ತಾಳ ತಪ್ಪಿ ಓಡುತ್ತಿದ್ದರೆ ಅವತ್ತೇ ಇಸಿಜಿ. ಈ ಆಪರೇಷನ್ ನಂತರ ಆ ತೊಂದರೆ ಬಹಳ ಜನರಿಗೆ ಬರುತ್ತದೆ, ಔಷಧವೂ ಇದೆ.

ಇವಕ್ಕೆ ಮಾತ್ರ ಫೋನೂ ಬೇಡ, ನೇರ ಆಸ್ಪತ್ರೆಯ ತುರ್ತು ವಿಭಾಗ: ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈ ಕಾಲು ಸೋಲುವುದು, ಅದು ಹತ್ತು ನಿಮಿಷದಲ್ಲಿ ಸರಿಹೋದರೂ. ಮಲಗಿದರೆ ಉಸಿರು ಕಟ್ಟುವುದು. ಕಣ್ಣು ಕತ್ತಲಿಟ್ಟು ಮೂತ್ರ ಕಡಿಮೆಯಾಗಿ ಏದುಸಿರು ಬರುವುದು, ಹೃದಯದ ಚೀಲದಲ್ಲಿ ದ್ರವ ತುಂಬಿದಾಗ ಹೀಗಾಗುತ್ತದೆ. ನಡುಕ ಬಂದು ಜ್ವರ ಏರುವುದು. ಕಪ್ಪು ಮಲ, ಕೆಂಪು ಮೂತ್ರ, ಹದಿನೈದು ನಿಮಿಷ ಒತ್ತಿ ಹಿಡಿದರೂ ನಿಲ್ಲದ ಮೂಗಿನ ರಕ್ತ. ಬಿದ್ದು ತಲೆಗೆ ಪೆಟ್ಟಾದರೆ, ಹೊರಗೆ ಗಾಯವಿಲ್ಲದಿದ್ದರೂ.

ಫೋನ್ ಮಾಡುವಾಗ ಕೈಯಲ್ಲಿ ಡಿಸ್ಚಾರ್ಜ್ ಚೀಟಿ, ವಾಲ್ವಿನ ಕಾರ್ಡ್, ಎರಡೂ ಐಎನ್‌ಆರ್ ವರದಿ ಇರಲಿ. ಕಾರ್ಡಿನಲ್ಲಿ ವಾಲ್ವಿನ ಹೆಸರು, ಅಳತೆ, ಹಾಕಿದ ಜಾಗ ಇರುತ್ತದೆ, ಅದರ ಒಂದು ಫೋಟೋ ನಿಮ್ಮಿಬ್ಬರ ಮೊಬೈಲಿನಲ್ಲೂ ಇಟ್ಟುಕೊಳ್ಳಿ. ಹೀಗೆ ಹೇಳಿ: ‘ಮೈಟ್ರಲ್ ಲೋಹದ ವಾಲ್ವ್, ನಾಲ್ಕನೇ ವಾರ, ಐಎನ್‌ಆರ್ 1.8, ಮೂರು ದಿನದಿಂದ ಸಂಜೆ ಜ್ವರ, ಎದೆಮೂಳೆಯಲ್ಲಿ ಸದ್ದು.’ ಇಷ್ಟು ಕೇಳಿದರೆ ಅವರೇ ಬೇಗ ಬರಹೇಳುತ್ತಾರೆ. ತಂದಿಟ್ಟ ಆಂಟಿಬಯಾಟಿಕ್ ಸ್ಟ್ರಿಪ್ಪನ್ನೂ ಜೊತೆಗೆ ಒಯ್ದು ತೋರಿಸಿ. ಒಂದು ಮಾತ್ರೆಯನ್ನೂ ಕೊಟ್ಟಿಲ್ಲ ಎಂದು ನೀವು ಖಚಿತವಾಗಿ ಹೇಳುವುದು ನಾಳೆ ರಕ್ತ ತೆಗೆಯುವವರಿಗೆ ಬಹಳ ಮುಖ್ಯ.